ಬೆಲೆಯೂ ಮೌಲ್ಯವೂ: ಮನೆಯ ಕಾಫಿಯಂತ್ರದಿಂದ ಒಂದು ಪಾಠ

ಅಂಗಡಿಯಲ್ಲಿಟ್ಟ ಪ್ರತಿಯೊಂದು ವಸ್ತುವಿಗೂ ಒಂದು ಬೆಲೆಯಿದೆ. ಅದನ್ನು ಚೀಟಿಯ ಮೇಲೆ ಅಚ್ಚುಮಾಡಿರುತ್ತಾರೆ. ಅಂಕಿಗಳನ್ನು ಬಲ್ಲ ಚಿಕ್ಕ ಬಾಲಕನೂ ಓದಬಲ್ಲನು. ಆದರೆ ಅದೇ ವಸ್ತುವಿನ ಮೌಲ್ಯವೆಷ್ಟೆಂಬುದನ್ನು ಯಾವ ಚೀಟಿಯೂ ಹೇಳಲಾರದು. ಕೊಳ್ಳುವವರು ಯಾರು, ಅವರಿಗೆ ಅದರಿಂದ ಆಗಬೇಕಾದ ಕೆಲಸವೇನು, ಆ ಕೆಲಸವನ್ನು ಅದು ಎಷ್ಟು ದಿನ ಮಾಡಿತು, ಈ ಮೂರನ್ನು ತಿಳಿದ ಮೇಲೆಯೇ ಮೌಲ್ಯದ ಮಾತನ್ನಾಡಬಹುದು. ಈ ಭೇದವನ್ನು ನಮ್ಮ ಮನೆಗಳಿಗೆ ತೀರ ಹತ್ತಿರವಾದ ಒಂದು ಉದಾಹರಣೆಯ ಮೂಲಕ ವಿಚಾರಮಾಡೋಣ. ಆ ಉದಾಹರಣೆಯೇ ಕಾಫಿ.

ಕನ್ನಡಿಗರಿಗೆ ಕಾಫಿ ಹೊರಗಿನ ಪದಾರ್ಥವಲ್ಲ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತರು ಅರಬ್ ದೇಶದಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದರೆಂಬುದು ಐತಿಹ್ಯ. ಇಂದು ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು ಶೇಕಡಾ 70 ಭಾಗ ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳೇ ಅದರ ತವರು. ಆ ಊರುಗಳಿಂದ ದೂರವಿರುವ ನಮ್ಮ ಆಂಟಾಪ್ ಹಿಲ್‌ನಲ್ಲಿಯೂ ಬೆಳಗಾಗುವುದು ಕಾಫಿಯ ಪರಿಮಳದಿಂದಲೇ. ಸಮೀಪದ ಮಾಟುಂಗಾಕ್ಕೆ ಹೋದರೆ, ಕಣ್ಣೆದುರಿನಲ್ಲಿಯೇ ಬೀಜವನ್ನು ಪುಡಿಮಾಡಿ, ಕೇಳಿದಷ್ಟು ಚಿಕೋರಿ ಬೆರೆಸಿ ಕಟ್ಟಿಕೊಡುವ ಅಂಗಡಿಗಳಿವೆ. 1940ರಲ್ಲಿ ಆರಂಭವಾದ ಕೆಫೆ ಮದ್ರಾಸ್, 1942ರಲ್ಲಿ ಎ. ರಾಮ ನಾಯಕರು ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಮೊದಲಾದ ಕರಾವಳಿಯವರ ಉಪಾಹಾರ ಗೃಹಗಳು ದಕ್ಷಿಣದ ರುಚಿಯನ್ನು ಈ ನಗರಕ್ಕೆ ಪರಿಚಯಿಸಿದವು.

ಈಗ ಕೆಲವು ವರ್ಷಗಳಿಂದ ಮನೆಗಳಿಗೆ ಇನ್ನೊಂದು ಸಾಧನ ಬರತೊಡಗಿದೆ. ಅದರ ಹೆಸರು ಎಸ್ಪ್ರೆಸ್ಸೊ ಯಂತ್ರ. ಇದನ್ನು ಕೊಳ್ಳುವವರಲ್ಲಿ ಕೆಲವರು ಬಹಳ ಸಂತೋಷಪಡುತ್ತಾರೆ. ಕೆಲವರು ಎರಡು ತಿಂಗಳಲ್ಲಿ ಅದಕ್ಕೆ ಬಟ್ಟೆ ಹೊದಿಸಿ ಮೂಲೆಗಿಡುತ್ತಾರೆ. ಯಂತ್ರವೊಂದೇ, ಫಲ ಮಾತ್ರ ಬೇರೆ. ಇದಕ್ಕೆ ಕಾರಣವೇನು?

ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಆಂಟಾಪ್ ಹಿಲ್‌ನ ಸರ್ಕಾರಿ ವಸತಿಗೃಹವೊಂದರಲ್ಲಿ ತಂದೆ, ತಾಯಿ, ಮಗ, ಮಗಳು ವಾಸಿಸುತ್ತಾರೆ. ತಾಯಿ ಬೆಳಗಿನ ಐದು ಗಂಟೆಗೆದ್ದು ಫಿಲ್ಟರಿಗೆ ಪುಡಿ ಹಾಕಿ, ಕುದಿನೀರು ಹೊಯ್ದು, ಡಿಕಾಕ್ಷನ್ ಇಳಿಯುವಷ್ಟರಲ್ಲಿ ಉಳಿದ ಕೆಲಸಕ್ಕೆ ತೊಡಗುವರು. ಮಗನಿಗೆ ಮೊದಲ ನೌಕರಿ ದೊರೆಯಿತು. ಮೊದಲ ಸಂಬಳದಲ್ಲಿ ತಾಯಿಯ ಶ್ರಮವನ್ನು ಕಡಿಮೆಮಾಡಬೇಕೆಂಬ ಸದಿಚ್ಛೆಯಿಂದ ಆತನು ಎಸ್ಪ್ರೆಸ್ಸೊ ಯಂತ್ರವನ್ನು ತಂದನು. ಗುಂಡಿ ಒತ್ತಿದರೆ ಕಾಫಿ ಸಿದ್ಧವಾಗುವುದೆಂದು ಆತನ ನಿರೀಕ್ಷೆ. ತಂದೆಯ ನಿರೀಕ್ಷೆ ಬೇರೆ. ಮುಂಬಯಿಯ ಮದುವೆಯ ಮನೆಗಳಲ್ಲಿ ಹಬೆಯ ಸದ್ದಿನೊಡನೆ ಹಾಲನ್ನು ನೊರೆಯುಕ್ಕಿಸಿ, ಮೇಲೆ ಕೋಕೋ ಪುಡಿಯನ್ನುದುರಿಸಿ ಕೊಡುವ ಸಿಹಿ ಕಾಫಿಯನ್ನು ಜನರು ‘ಎಸ್ಪ್ರೆಸ್ಸೊ’ ಎಂದೇ ಕರೆಯುತ್ತಾರೆ. ಆ ಪಾನೀಯವೇ ಮನೆಯಲ್ಲಿ ದೊರೆಯುವುದೆಂದು ಅವರು ಬಗೆದರು. ಗೆಳತಿಯರೊಡನೆ ಕಾಫಿಗೃಹದಲ್ಲಿ ಕುಡಿದ ಕಪುಚಿನೊ ಬರುವುದೆಂದು ಮಗಳು ಎಣಿಸಿದಳು. ತಾಯಿಯ ನಿರೀಕ್ಷೆಯನ್ನು ಮಾತ್ರ ಯಾರೂ ಕೇಳಲಿಲ್ಲ.

ಪೆಟ್ಟಿಗೆ ತೆರೆದಾಯಿತು, ಯಂತ್ರ ನಡೆಯಿತು. ಬಟ್ಟಲಿಗೆ ಬಿದ್ದುದು ಎರಡು ಮೂರು ಗುಟುಕಿನಷ್ಟು ಕಪ್ಪು ದ್ರವ. ತಂದೆ ಅದನ್ನು ಕಹಿಯೆಂದರು. ಹಾಲನ್ನು ಒಂದೊಂದು ಬಟ್ಟಲಿಗೂ ಬೇರೆಬೇರೆಯಾಗಿ ಹಬೆಯಲ್ಲಿ ಕಾಯಿಸಬೇಕಾಯಿತು. ನಾಲ್ವರಿಗೆ ಕಾಫಿಯಾಗುವಾಗ ಕಾಲು ಗಂಟೆ ಕಳೆದು, ಮೊದಲನೆಯ ಬಟ್ಟಲು ಆರಿಹೋಗಿತ್ತು. ಆ ಕಾಲು ಗಂಟೆಯೂ ಯಂತ್ರದ ಮುಂದೆ ನಿಂತಿದ್ದವರು ತಾಯಿಯೇ. “ಚೆನ್ನಾಗಿದೆ ಮಗೂ, ಆದರೆ ನನ್ನ ಫಿಲ್ಟರನ್ನು ಅಟ್ಟದ ಮೇಲೆ ಇಡಬೇಡ” ಎಂದು ಅವರು ಮೆಲ್ಲಗೆ ಹೇಳಿದರು.

ಇಲ್ಲಿ ಯಂತ್ರ ಕೆಟ್ಟಿರಲಿಲ್ಲ, ಅಂಗಡಿಯವನು ಮೋಸಮಾಡಿರಲಿಲ್ಲ. ಯಂತ್ರವು ತಾನು ಮಾಡಬಲ್ಲ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಆದರೆ ಆ ಮನೆಗೆ ಬೇಕಾದ ಕೆಲಸ ಅದಾಗಿರಲಿಲ್ಲ. ಇದನ್ನು ಚೆನ್ನಾಗಿ ತಿಳಿಯಬೇಕಾದರೆ ಎರಡು ಸಾಧನಗಳ ಹುಟ್ಟನ್ನೂ ನಡೆಯನ್ನೂ ಅರಿಯಬೇಕು.

ಎಸ್ಪ್ರೆಸ್ಸೊ ಇಟಲಿಯಲ್ಲಿ ಹುಟ್ಟಿತು. ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ 1884ರಲ್ಲಿ ಹಬೆಯಿಂದ ಕಾಫಿ ಮಾಡುವ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಮಿಲಾನಿನ ಲೂಯಿಜಿ ಬೆಜ್ಜೆರಾ 1901ರಲ್ಲಿ ಅದನ್ನು ಒಂದೊಂದೇ ಬಟ್ಟಲಿಗೆ ಕಾಫಿ ಇಳಿಸುವಂತೆ ಸುಧಾರಿಸಿದನು. ಎರಡನೆಯ ಮಹಾಯುದ್ಧದ ಬಳಿಕ ಅಕಿಲ್ಲೆ ಗಾಜ್ಜಿಯಾ ಸನ್ನೆಗೋಲಿನಿಂದ ಹೆಚ್ಚಿನ ಒತ್ತಡ ಕೊಡುವ ಯಂತ್ರವನ್ನು ಪ್ರಚಾರಕ್ಕೆ ತಂದಾಗ, ಕಾಫಿಯ ಮೇಲೆ ಹೊಂಬಣ್ಣದ ನೊರೆ ಕಾಣಿಸಿಕೊಂಡಿತು. 1961ರಲ್ಲಿ ಫಯೇಮಾ ಸಂಸ್ಥೆಯ ಯಂತ್ರದಲ್ಲಿ ಈ ಒತ್ತಡವನ್ನು ವಿದ್ಯುತ್ ಪಂಪು ಕೊಡತೊಡಗಿತು. ಇವೆಲ್ಲವೂ ಅವಸರದ ಗಿರಾಕಿಗಳು ಸಾಲುಗಟ್ಟಿ ನಿಲ್ಲುವ ಅಂಗಡಿಗಳಿಗಾಗಿ ರಚಿತವಾದವು ಎಂಬುದನ್ನು ಗಮನಿಸಬೇಕು. ಪ್ರತಿಯೊಬ್ಬನಿಗೂ ಅವನದೇ ಒಂದು ಬಟ್ಟಲು, ಅದೂ ಅರ್ಧ ನಿಮಿಷದಲ್ಲಿ. ಇದೇ ಅದರ ಗುರಿ. ನಮ್ಮ ಫಿಲ್ಟರಾದರೋ ನಾಲ್ಕೈದು ಜನ ಒಟ್ಟಿಗೆ ಕುಳಿತು ಕುಡಿಯುವ ಮನೆಗೆ ತಕ್ಕುದು. ಅದು ನಿಧಾನವಾದರೂ ಎದುರು ನಿಂತು ಕಾಯಬೇಕೆಂದು ಕೇಳುವುದಿಲ್ಲ.

ಇವುಗಳ ನಡೆಯಲ್ಲಿಯೂ ಭೇದವಿದೆ. ಫಿಲ್ಟರಿನಲ್ಲಿ ಬಿಸಿನೀರು ತನ್ನ ಭಾರದಿಂದಲೇ ಪುಡಿಯ ಮೂಲಕ ತೊಟ್ಟುತೊಟ್ಟಾಗಿ ಇಳಿಯುತ್ತದೆ. ಇದಕ್ಕೆ ಹದಿನೈದು ಇಪ್ಪತ್ತು ನಿಮಿಷಗಳಾದರೂ ಬೇಕು. ಎಸ್ಪ್ರೆಸ್ಸೊ ಯಂತ್ರದಲ್ಲಿ 90 ಡಿಗ್ರಿ ಸೆಲ್ಸಿಯಸ್ಸಿಗಿಂತ ತುಸು ಹೆಚ್ಚು ಬಿಸಿಯಾದ ನೀರನ್ನು ಸುಮಾರು 9 ಬಾರ್ ಒತ್ತಡದಿಂದ, ಎಂದರೆ ವಾಯುಮಂಡಲದ ಒತ್ತಡದ ಸುಮಾರು ಒಂಬತ್ತು ಪಟ್ಟಿನಿಂದ, ಒತ್ತಾಗಿ ತುಂಬಿದ ಪುಡಿಯೊಳಗೆ ನುಗ್ಗಿಸುತ್ತಾರೆ. ಅಡಿಗೆಮನೆಯ ಕುಕ್ಕರಿನೊಳಗೆ ಹೊರಗಿನದಕ್ಕಿಂತ ಹೆಚ್ಚಾಗಿರುವ ಒತ್ತಡ ಸುಮಾರು ಒಂದು ಬಾರ್ ಮಾತ್ರ. ಇದರಿಂದ ಆ ಶಕ್ತಿಯನ್ನು ಅಂದಾಜುಮಾಡಬಹುದು. 18 ಗ್ರಾಂ ಪುಡಿಯಿಂದ 25-30 ಸೆಕೆಂಡುಗಳಲ್ಲಿ 36 ಗ್ರಾಂನಷ್ಟು ಗಟ್ಟಿ ಪಾನೀಯ ಇಳಿದರೆ ಹದ ಸರಿಯಾಯಿತೆಂದು ಬಲ್ಲವರು ಹೇಳುತ್ತಾರೆ.

ಇಷ್ಟನ್ನು ತಿಳಿದ ಮೇಲೆ ಜಾಹೀರಾತುಗಳನ್ನು ಓದುವ ಕಣ್ಣು ಬದಲಾಗುತ್ತದೆ. ‘15 ಬಾರ್’, ‘20 ಬಾರ್’ ಎಂದು ಪೆಟ್ಟಿಗೆಗಳ ಮೇಲೆ ದಪ್ಪಕ್ಷರಗಳಲ್ಲಿ ಬರೆದಿರುತ್ತಾರೆ. ಅದು ಪಂಪಿನ ಗರಿಷ್ಠ ಸಾಮರ್ಥ್ಯವೇ ಹೊರತು ಕಾಫಿಗೆ ಬೇಕಾದ ಒತ್ತಡವಲ್ಲ. ಬೇಕಾದುದು 9 ಆಗಿರುವಾಗ 20ಕ್ಕಾಗಿ ಹೆಚ್ಚು ಹಣ ತೆತ್ತರೆ ಹೆಚ್ಚು ರುಚಿ ಬಾರದು. ಹಾಗೆಯೇ ನೊರೆ ಕಂಡಮಾತ್ರಕ್ಕೆ ಕಾಫಿ ಉತ್ತಮವೆನ್ನಲಾಗದು. ಕಡಿಮೆ ಬೆಲೆಯ ಯಂತ್ರಗಳ ಪುಡಿಯ ಬಟ್ಟಲಿಗೆ ಹಲವು ವೇಳೆ ಎರಡು ತಳಗಳಿದ್ದು, ಹೊರತಳದಲ್ಲಿ ಒಂದೇ ಸಣ್ಣ ರಂಧ್ರವಿರುತ್ತದೆ. ಪುಡಿ ತರಿಯಾಗಿದ್ದರೂ ಹಳೆಯದಾಗಿದ್ದರೂ ಆ ರಂಧ್ರದಿಂದ ಚಿಮ್ಮುವಾಗ ನೊರೆ ಏಳುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆ ಇಲ್ಲಿಯೂ ನಿಜ. ಆದರೂ ಹೊಸದಾಗಿ ಕಲಿಯುವವರಿಗೆ ಇಂಥ ಬಟ್ಟಲು ಅನುಕೂಲವೇ.

ಪೆಟ್ಟಿಗೆಯ ಮೇಲೆ ಬರೆಯದ ಸಂಗತಿಯೊಂದಿದೆ. ಎಸ್ಪ್ರೆಸ್ಸೊ ಕಾಫಿಯ ಗುಣ ಯಂತ್ರಕ್ಕಿಂತಲೂ ಪುಡಿಯನ್ನು ಹೆಚ್ಚು ಆಶ್ರಯಿಸಿದೆ. ಫಿಲ್ಟರಿಗಾಗಿ ಮಾಡಿಸಿದ ಪುಡಿ ಇದಕ್ಕೆ ತರಿಯಾಗುತ್ತದೆ. ನೀರು ಕೆಲವೇ ಸೆಕೆಂಡುಗಳಲ್ಲಿ ಹರಿದು ಕಾಫಿ ನೀರುನೀರಾಗುತ್ತದೆ. ಮಿಕ್ಸರಿನ ಅಲಗು ಬೀಜವನ್ನು ಒಂದೇ ಸಮನಾಗಿ ಪುಡಿಮಾಡಲಾರದು. ಪುಡಿಮಾಡಿದ ಕಾಫಿಯ ಪರಿಮಳವೂ ಬೇಗನೆ ಆರಿಹೋಗುತ್ತದೆ. ಆದುದರಿಂದ ಬೀಜವನ್ನು ಆಗಿಂದಾಗ ನುಣ್ಣಗೆ ಬೀಸುವ ಬೇರೊಂದು ಯಂತ್ರ ಬೇಕಾಗುವುದು. ಇದಲ್ಲದೆ ನಮ್ಮ ಫಿಲ್ಟರ್ ಪುಡಿಯಲ್ಲಿ ಚಿಕೋರಿ ಬೆರೆತಿರುವುದುಂಟು; ಎಸ್ಪ್ರೆಸ್ಸೊಗೆ ಅಪ್ಪಟ ಕಾಫಿಯೇ ರೂಢಿ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿಯು ಶೇಕಡಾ 51ಕ್ಕೆ ಕಡಿಮೆಯಿರಕೂಡದೆಂದೂ, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಮುದ್ರಿಸಬೇಕೆಂದೂ ನಿಯಮವಿದೆ. ಆ ಅಂಕಿಗಳನ್ನು ಓದುವುದು ಜಾಣ ಗ್ರಾಹಕನ ಮೊದಲ ಅಭ್ಯಾಸವಾಗಬೇಕು.

ಇನ್ನು ಲೆಕ್ಕಕ್ಕೆ ಬರೋಣ. ಯಂತ್ರ ಮತ್ತು ಬೀಸುವ ಸಾಧನ ಸೇರಿ 14,600 ರೂಪಾಯಿ ಎಂದಿಟ್ಟುಕೊಳ್ಳಿ. ದಿನಕ್ಕೆ 2 ಬಟ್ಟಲಿನಂತೆ 5 ವರ್ಷ ಬಳಸಿದರೆ 3,650 ಬಟ್ಟಲುಗಳಾದವು. ಒಂದು ಬಟ್ಟಲಿಗೆ ಯಂತ್ರದ ಪಾಲು 4 ರೂಪಾಯಿ ಮಾತ್ರ. ಅದೇ ಯಂತ್ರವನ್ನು 73 ದಿನ ಬಳಸಿ ಮೂಲೆಗಿಟ್ಟರೆ 146 ಬಟ್ಟಲುಗಳಾಗಿ, ಒಂದೊಂದಕ್ಕೂ 100 ರೂಪಾಯಿ ಬೀಳುತ್ತದೆ! ಚೀಟಿಯ ಮೇಲಿನ ಬೆಲೆ ಬದಲಾಗಲಿಲ್ಲ. ಮೌಲ್ಯ ಮಾತ್ರ ಇಪ್ಪತ್ತೈದು ಪಟ್ಟು ಕುಸಿಯಿತು. 730 ರೂಪಾಯಿಯ ಫಿಲ್ಟರಿನಲ್ಲಿ ದಿನಕ್ಕೆ ಎರಡೇ ಬಟ್ಟಲಿನಂತೆ ಹತ್ತು ವರ್ಷ ಕಾಫಿ ಮಾಡಿದರೂ ಅದರ ಪಾಲು ಬಟ್ಟಲಿಗೆ 10 ಪೈಸೆ.

ಯಂತ್ರದ ಬೆಲೆಯೇ ಎಲ್ಲ ಖರ್ಚೂ ಅಲ್ಲ. ಕಾಫಿಬೀಜಕ್ಕೆ ಕಿಲೋ ಒಂದರ 1,000 ರೂಪಾಯಿ ಎಂದು ಭಾವಿಸಿದರೆ, ಬಟ್ಟಲೊಂದರ 18 ಗ್ರಾಂ ಪುಡಿಗೆ 18 ರೂಪಾಯಿ. ಐದು ವರ್ಷಕ್ಕೆ ಇದು 65,700 ರೂಪಾಯಿಯಾಗಿ, ಯಂತ್ರದ ಬೆಲೆಯ ನಾಲ್ಕೂವರೆ ಪಟ್ಟಾಗುತ್ತದೆ. ರಿಯಾಯಿತಿಯ ಐನೂರು ರೂಪಾಯಿಗಾಗಿ ದಿನವಿಡೀ ಹುಡುಕುವವರು ಈ ದೊಡ್ಡ ಮೊತ್ತವನ್ನು ನೆನೆಯುವುದು ಕಡಿಮೆ. ವಿದ್ಯುತ್ತಿನ ಖರ್ಚು ಇವುಗಳ ಮುಂದೆ ಅಲ್ಪ: 1,200 ವ್ಯಾಟಿನ ಯಂತ್ರ ಹತ್ತು ನಿಮಿಷ ಎಡೆಬಿಡದೆ ಕಾದರೂ ಒಂದು ಯೂನಿಟ್ಟಿನ ಐದನೆಯ ಒಂದಂಶವಷ್ಟೆ.

ಬಾಳಿಕೆಯನ್ನೂ ವಿಚಾರಿಸಬೇಕು. ಗಡುಸು ನೀರಿರುವಲ್ಲಿ ಯಂತ್ರದೊಳಗೆ ಸುಣ್ಣದ ಪದರ ಕಟ್ಟುತ್ತದೆ. ಮುಂಬಯಿಗೆ ಬರುವ ಸರೋವರಗಳ ನೀರು ಮೃದುವಾದುದರಿಂದ ಇಲ್ಲಿ ಆ ತೊಂದರೆ ಕಡಿಮೆ. ಕೊಳವೆಬಾವಿಯ ನೀರು ಬಳಸುವ ಊರುಗಳಲ್ಲಿ ಹೆಚ್ಚು. ಕುಕ್ಕರಿನಂತೆ ಇದಕ್ಕೂ ರಬ್ಬರಿನ ಗ್ಯಾಸ್ಕೆಟ್ ಇದ್ದು, ಅದು ಕಾಲಕಾಲಕ್ಕೆ ಸವೆಯುತ್ತದೆ. ಬಿಡಿಭಾಗ ನಮ್ಮ ನಗರದಲ್ಲಿ ದೊರೆಯುವುದೇ, ದುರಸ್ತಿ ಮಾಡುವವರು ಹತ್ತಿರವಿರುವರೇ, ಎಷ್ಟು ಅವಧಿಗೆ ಭರವಸೆ ಕೊಟ್ಟಿದ್ದಾರೆ, ಇವನ್ನೆಲ್ಲ ಹಣ ಕೊಡುವ ಮೊದಲೇ ಕೇಳಬೇಕು, ರಸೀದಿಯನ್ನು ಜೋಪಾನಮಾಡಬೇಕು.

ವಸ್ತುವಿನಲ್ಲಿ ನಿಜವಾದ ದೋಷವಿದ್ದರೆ ಗ್ರಾಹಕನು ಅಸಹಾಯಕನಲ್ಲ. 1986ರಲ್ಲಿ ಗ್ರಾಹಕರ ರಕ್ಷಣೆಗೆಂದು ಕಾನೂನು ಬಂದಿತು. ಅದರ ಸ್ಥಾನದಲ್ಲಿ 2019ರ ಹೊಸ ಕಾನೂನು 2020ರ ಜುಲೈಯಿಂದ ಜಾರಿಯಲ್ಲಿದೆ. ಇದರಂತೆ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು; 5 ಲಕ್ಷ ರೂಪಾಯಿಯವರೆಗಿನ ಖರೀದಿಗೆ ಶುಲ್ಕವಿಲ್ಲ. 1915 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಸಲಹೆ ಪಡೆಯಬಹುದು. ತಪ್ಪುದಾರಿಗೆಳೆಯುವ ಜಾಹೀರಾತನ್ನೂ ಈ ಕಾನೂನು ದಂಡಿಸುತ್ತದೆ. ಆದರೆ ನಾವೇ ವಿಚಾರಿಸದೆ ಕಟ್ಟಿಕೊಂಡ ಭ್ರಮೆಗೆ ಯಾವ ಆಯೋಗವೂ ಪರಿಹಾರ ಕೊಡಲಾರದು.

ಹಾಗಾದರೆ ಎಸ್ಪ್ರೆಸ್ಸೊ ಯಂತ್ರವನ್ನು ಕೊಳ್ಳಲೇಬಾರದೇ? ಹಾಗಲ್ಲ. ಆ ಗಟ್ಟಿ ಕಾಫಿಯ ರುಚಿಯನ್ನು ಮೆಚ್ಚುವವನು, ಒಬ್ಬಿಬ್ಬರಿಗಾಗಿ ಮಾಡುವವನು, ಬೀಜ ಬೀಸಿ ತೂಗಿ ಹದ ಕಲಿಯುವ ತಾಳ್ಮೆಯುಳ್ಳವನು ಅದನ್ನು ಕೊಂಡರೆ ಕೊಟ್ಟ ಹಣ ಸಾರ್ಥಕವೇ. ಬರಿಯ ಗಟ್ಟಿ ಕಾಫಿ ಬೇಕಾದವನಿಗೆ 1933ರಲ್ಲಿ ಇಟಲಿಯ ಬಿಯಾಲೆಟ್ಟಿ ಪ್ರಚಾರಕ್ಕೆ ತಂದ, ಒಲೆಯ ಮೇಲಿಡುವ ಮೋಕಾ ಪಾತ್ರೆ ಸಾಕಾಗಬಹುದು. ಮನೆಮಂದಿಗೆಲ್ಲ ಏಕಕಾಲಕ್ಕೆ ಬಿಸಿ ಕಾಫಿ ಬೇಕಾದರೆ ನಮ್ಮ ಫಿಲ್ಟರಿಗೆ ಸರಿಸಾಟಿ ಕಾಣುವುದು ಕಷ್ಟ. ಯಾವುದು ಉತ್ತಮವೆಂದು ಕೇಳುವುದಕ್ಕಿಂತ, ಯಾವುದು ನಮ್ಮ ಕೆಲಸಕ್ಕೆ ತಕ್ಕುದೆಂದು ಕೇಳುವುದು ಲೇಸು.

ಆ ಕುಟುಂಬದ ಮಾತನ್ನು ಮುಗಿಸೋಣ. ಕೆಲವು ದಿನಗಳಾದ ಮೇಲೆ ಮಗನು ತಾಯಿಯನ್ನು ಕೇಳಿದನು: “ಅಮ್ಮಾ, ಬೆಳಿಗ್ಗೆ ನಿನಗೆ ಏನಾಗಿದ್ದರೆ ಅನುಕೂಲ?” ತಾಯಿ ನಕ್ಕು, “ಒಂದರ್ಧ ಗಂಟೆ ಹೆಚ್ಚು ಮಲಗಬೇಕೆನಿಸುತ್ತದೆ, ಅಷ್ಟೆ” ಎಂದರು. ಅಂದಿನಿಂದ ಫಿಲ್ಟರಿಗೆ ನೀರು ಹೊಯ್ಯುವ ಕೆಲಸ ಮಗನದಾಯಿತು. ಯಂತ್ರವೂ ವ್ಯರ್ಥವಾಗಲಿಲ್ಲ, ಭಾನುವಾರದ ಸಂಜೆ ಅಣ್ಣತಂಗಿಯರು ಅದರಲ್ಲಿ ಹದ ಕಲಿಯತೊಡಗಿದರು. ಆದರೆ ತಾಯಿಗೆ ಬೇಕಾದುದು ಅಂಗಡಿಯಲ್ಲಿ ಮಾರಾಟಕ್ಕಿರಲಿಲ್ಲವೆಂದು ಆತನು ತಿಳಿದುದು 14,600 ರೂಪಾಯಿ ಖರ್ಚಾದ ಮೇಲೆ.

ವಿದ್ಯಾರ್ಥಿ ಮಿತ್ರರೇ, ನಾಳೆ ನೀವೂ ದುಡಿಯುವಿರಿ, ನೀವೂ ಕೊಳ್ಳುವಿರಿ. “ಇದರ ಬೆಲೆಯೆಷ್ಟು?” ಎಂದು ಅಂಗಡಿಯವನನ್ನು ಕೇಳುವ ಮೊದಲು, “ಇದರಿಂದ ಆಗಬೇಕಾದುದೇನು?” ಎಂದು ನಿಮ್ಮನ್ನು ಕೇಳಿಕೊಳ್ಳಿರಿ. ಪರರಿಗಾಗಿ ಕೊಳ್ಳುವುದಾದರೆ ಅವರನ್ನು ಕೇಳಿರಿ.

ಅಭ್ಯಾಸಕ್ಕೆ

1. 8,760 ರೂಪಾಯಿಯ ಯಂತ್ರದಲ್ಲಿ ದಿನಕ್ಕೆ 3 ಬಟ್ಟಲಿನಂತೆ 4 ವರ್ಷ ಕಾಫಿ ಮಾಡಿದರೆ, ಒಂದು ಬಟ್ಟಲಿಗೆ ಯಂತ್ರದ ಪಾಲೆಷ್ಟು? ಒಂದೇ ವರ್ಷ ಬಳಸಿದರೆ ಎಷ್ಟು?

2. ನಿಮ್ಮ ಮನೆಯ ಕಾಫಿಪುಡಿಯ ಪೊಟ್ಟಣವನ್ನು ಓದಿ, 500 ಗ್ರಾಂನಲ್ಲಿ ಚಿಕೋರಿ ಎಷ್ಟು ಗ್ರಾಂ ಇದೆಯೆಂದು ಲೆಕ್ಕಹಾಕಿರಿ.

3. ನಿಮ್ಮ ಮನೆಯಲ್ಲಿ ಬಳಕೆಯಿಲ್ಲದೆ ಬಿದ್ದಿರುವ ಒಂದು ವಸ್ತುವನ್ನು ಆರಿಸಿ, ಅದನ್ನು ಕೊಂಡಾಗ ಯಾರು ಏನನ್ನು ನಿರೀಕ್ಷಿಸಿದ್ದರೆಂದು ಹಿರಿಯರಿಂದ ಕೇಳಿ ಹತ್ತು ವಾಕ್ಯಗಳಲ್ಲಿ ಬರೆಯಿರಿ.