ಹೆಸರು ಒಂದೇ, ಖಾತೆ ಎರಡು

ನಮ್ಮ ಸೀಮೆಯಲ್ಲಿ ಮಕ್ಕಳಿಗೆ ಹೆಸರಿಡುವುದು ಮನೆದೇವರನ್ನು ನೆನೆದು. ಕೊಟ್ಟೂರಿನ ಗುರುಬಸವೇಶ್ವರನಿಗೆ ನಡೆದುಕೊಳ್ಳುವ ಮನೆಗಳಲ್ಲಿ ಕೊಟ್ರೇಶ, ಕೊಟ್ರಪ್ಪ, ಕೊಟ್ರಮ್ಮ. ಹಡಗಲಿ ತಾಲ್ಲೂಕಿನ ಮೈಲಾರಲಿಂಗನ ಒಕ್ಕಲಾದರೆ ಮೈಲಾರಪ್ಪ. ಹೊಳೆಯಾಚೆಯ ಹುಲಿಗಿಗೆ ಹರಕೆ ಹೊತ್ತವರ ಮನೆಯಲ್ಲಿ ಹುಲಿಗೆಮ್ಮ. ನಮ್ಮ ತಂಬ್ರಹಳ್ಳಿಯಲ್ಲಿ ಬಂಡೆ ರಂಗನಾಥನ ಹೆಸರು ಹೊತ್ತವರು ಓಣಿಗೊಬ್ಬರಾದರೂ ಸಿಗುತ್ತಾರೆ. ಊರೊಳಗೆ ಇದರಿಂದ ಯಾರಿಗೂ ತೊಡಕಾಗಿಲ್ಲ. ಮನೆತನದ ಹೆಸರನ್ನೋ ಓಣಿಯ ಗುರುತನ್ನೋ ಸೇರಿಸಿ ಕರೆದರೆ ಯಾರೆಂದು ತಿಳಿಯುತ್ತದೆ. ತೊಡಕು ಶುರುವಾಗುವುದು ಬ್ಯಾಂಕಿನಲ್ಲಿ. ಅಲ್ಲಿ ಹೆಸರು ಟೈಪ್ ಮಾಡಿದರೆ ಕಂಪ್ಯೂಟರಿನಲ್ಲಿ ಅದೇ ಹೆಸರಿನ ಉದ್ದನೆಯ ಪಟ್ಟಿ ತೆರೆದುಕೊಳ್ಳುತ್ತದೆ. ಅವಸರದಲ್ಲಿ ಒಂದು ಸಾಲು ಮೇಲೆ ಕೆಳಗೆ ಆದರೆ ಸಾಕು, ಒಬ್ಬರ ಬದುಕಿನ ಲೆಕ್ಕ ಇನ್ನೊಬ್ಬರ ಕಡತಕ್ಕೆ ಹೋಗಿ ಕೂರುತ್ತದೆ.

ನಮ್ಮವ್ವನ ಖಾತೆಗೆ ಆದದ್ದು ಇದೇ. ಯಾವ ಬ್ಯಾಂಕು ಎಂದು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಇದು ಯಾವ ಬ್ಯಾಂಕಿನಲ್ಲೂ ಆಗಬಹುದಾದ ಸಂಗತಿ. ಕೆವೈಸಿ ನವೀಕರಣಕ್ಕೆ ಕರೆದಿದ್ದರು. ರಿಸರ್ವ್ ಬ್ಯಾಂಕಿನ ನಿಯಮದಂತೆ ಅಪಾಯ ಕಡಿಮೆ ಎಂದು ಗುರುತಿಸಿದ ಖಾತೆಗಳಿಗೂ 10 ವರ್ಷಕ್ಕೊಮ್ಮೆ ಇದು ಕಡ್ಡಾಯ. ಅವ್ವ ಆಧಾರ್ ಪ್ರತಿ, ಫೋಟೊ, ನನ್ನ ಮೊಬೈಲ್ ಸಂಖ್ಯೆ ಬರೆದ ಅರ್ಜಿ ಕೊಟ್ಟು ಬಂದಳು. ಅದೇ ಶಾಖೆಯಲ್ಲಿ ಪಕ್ಕದ ಹಳ್ಳಿಯ ಇನ್ನೊಬ್ಬ ಹೆಣ್ಣುಮಗಳ ಖಾತೆ ಇತ್ತು. ಆಕೆಯ ಹೆಸರೂ ಅದೇ, ಗಂಡನ ಹೆಸರೂ ಅದೇ. ಅವ್ವನ ಕಾಗದಗಳೆಲ್ಲ ಆಕೆಯ ಗ್ರಾಹಕ ಸಂಖ್ಯೆಗೆ ಏರಿಬಿಟ್ಟಿದ್ದವು.

ಮೊದಲು ಗೊತ್ತಾದದ್ದು ಮೊಬೈಲಿನಿಂದ. ನಮ್ಮದಲ್ಲದ ಖಾತೆಯ ಸಂದೇಶಗಳು ನನ್ನ ಫೋನಿಗೆ ಬರತೊಡಗಿದವು: ಮೆಕ್ಕೆಜೋಳ ಮಾರಿದ ದುಡ್ಡು ಜಮೆ, ಎಟಿಎಂನಿಂದ ತೆಗೆದ ಮೊತ್ತ, ಉಳಿದ ಬಾಕಿ. ಆಮೇಲೆ ಚಿನ್ನದ ಸಾಲದ ಬಡ್ಡಿ ಕಟ್ಟುವಂತೆ ಬಂದ ಸಂದೇಶ. ಅದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ನಮ್ಮ ಕಡೆ ಮನೆಯ ಬಂಗಾರ ಬ್ಯಾಂಕಿನಲ್ಲಿದೆ ಎಂಬ ಮಾತನ್ನು ಒಡಹುಟ್ಟಿದವರ ಮುಂದೂ ಆಡುವುದಿಲ್ಲ. ಮುಖ ನೋಡದ ಒಂದು ಮನೆಯ ಆ ಗುಟ್ಟು ಕೇಳದೆಯೇ ನನ್ನ ಕೈಗೆ ಬಂದಿತ್ತು. ಅದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿತ್ತು. ಗಡುವಿನ ಸುದ್ದಿ ನನಗೆ ಮುಟ್ಟುತ್ತಿದೆ ಎಂದರೆ ಆಕೆಗೆ ಮುಟ್ಟುತ್ತಿಲ್ಲ ಎಂದೇ ಅರ್ಥ. ಗಡುವು ದಾಟಿದ ಒಡವೆ ಹರಾಜಿಗೆ ಹೋಗುತ್ತದೆ.

ಇತ್ತ ಅವ್ವನ ಗೃಹಲಕ್ಷ್ಮಿ ನಿಂತಿತ್ತು. 2023ರ ಆಗಸ್ಟ್ 30ರಂದು ಚಾಲನೆಗೊಂಡ ಆ ಯೋಜನೆಯ ತಿಂಗಳ 2,000 ರೂಪಾಯಿ ನಮ್ಮೂರಿನ ಎಷ್ಟೋ ಮನೆಗಳಲ್ಲಿ ಗ್ಯಾಸು, ಗುಳಿಗೆ, ಕಿರಾಣಿಯ ಲೆಕ್ಕಕ್ಕೆ ಸೇರಿಹೋಗಿದೆ. ವಿಚಾರಿಸಿದರೆ ಎಲ್ಲ ಕಡೆಯೂ ಒಂದೇ ಉತ್ತರ: ಹಣ ಜಮೆ ಆಗಿದೆ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ನೋಡಿದರೂ ಬ್ಯಾಂಕಿನ ಹೆಸರು ಸರಿ, ಜೋಡಣೆ ಸಕ್ರಿಯ.

ಇಲ್ಲಿನ ಕೀಲನ್ನು ಓದುಗರು ತಿಳಿದುಕೊಳ್ಳಬೇಕು. ಜನ 'ಎನ್‌ಪಿಸಿಐ ಮಾಡಿಸಿದ್ದೀರಾ' ಎಂದು ಕೇಳುತ್ತಾರಲ್ಲ, ಆ ರಾಷ್ಟ್ರೀಯ ಪಾವತಿ ನಿಗಮದ ಮ್ಯಾಪರ್‌ನಲ್ಲಿ ಇರುವುದು ನಿಮ್ಮ ಆಧಾರ್ ಸಂಖ್ಯೆ ಮತ್ತು ಅದು ಜೋಡಣೆಯಾದ ಬ್ಯಾಂಕು, ಅಷ್ಟೇ. ಖಾತೆ ಸಂಖ್ಯೆ ಅಲ್ಲಿ ಇರುವುದಿಲ್ಲ. ಸರ್ಕಾರ ಆಧಾರ್ ಮೇಲೆ ಕಳಿಸಿದ ಹಣವನ್ನು ಮ್ಯಾಪರ್ ಬ್ಯಾಂಕಿನ ಬಾಗಿಲಿಗೆ ತಂದು ಬಿಡುತ್ತದೆ. ಒಳಗೆ ಯಾವ ಖಾತೆಗೆ ಹಾಕಬೇಕೆಂದು ಹೇಳುವುದು ಬ್ಯಾಂಕಿನದೇ ದಾಖಲೆ. ಹಾಗಾಗಿ ಇಬ್ಬರೂ ಒಂದೇ ಬ್ಯಾಂಕಿನವರಾದಾಗ ಹೊರಗಿನಿಂದ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ತಪ್ಪು ಕಾಣುವುದು ಶಾಖೆಯ ಕಂಪ್ಯೂಟರಿನಲ್ಲಿ ಮಾತ್ರ.

ಶಾಖೆಯಲ್ಲಿ ನಮಗೆ ಯಾರೂ ಒರಟಾಗಿ ಮಾತಾಡಲಿಲ್ಲ. ಆದರೆ ಸಿಕ್ಕ ಸಲಹೆ ಹೀಗಿತ್ತು: "ಆಯಮ್ಮನ್ನ ಕರೆಸ್ತೀವ್ರಿ, ನಿಮ್ಮ ನಿಮ್ಮೊಳಗ ದುಡ್ಡು ಕೊಟ್ಟು ತಗೊಂಡು ಮುಗಿಸಿಬಿಡ್ರಿ. ಇನ್ನುಮುಂದ ಸರಿ ಹೋಗುವಂಗ ಮಾಡ್ತೀವಿ." ಕೇಳಲು ಹಿತವಾದ ಮಾತು. ಹಳ್ಳಿಯಲ್ಲಿ ಬಹಳಷ್ಟು ಜನ ಇದಕ್ಕೆ ಒಪ್ಪಿ ಮನೆಗೆ ಹೋಗುತ್ತಾರೆ. ನಾವು ಒಪ್ಪಲಿಲ್ಲ. ಇಬ್ಬರನ್ನೂ ಒಂದೇ ದಿನ ಕರೆಸಿ, ಎದುರಿಗೇ ದಾಖಲೆ ತೆರೆದು ನೋಡಿ ಎಂದು ಕೇಳಿಕೊಂಡೆವು. ಆಕೆಯ ವಿಳಾಸವನ್ನು ಬ್ಯಾಂಕು ನಮಗೆ ಕೊಡಲಿಲ್ಲ, ಕೊಡಬಾರದು ಕೂಡ. ಸುದ್ದಿ ಮುಟ್ಟಿಸಿದ್ದು ಅವರೇ.

ಆ ದಿನ ಕೌಂಟರಿನಿಂದ ಹೆಸರು ಕೂಗಿದಾಗ ಎರಡು ಬೆಂಚುಗಳಿಂದ ಇಬ್ಬರೂ ಎದ್ದರು. ಆಕೆ ಅವ್ವನಿಗಿಂತ ಚಿಕ್ಕವಳು. ಪ್ಲಾಸ್ಟಿಕ್ ಚೀಲದೊಳಗೆ ಪಾಸ್‌ಬುಕ್, ರೇಷನ್ ಕಾರ್ಡ್, ಆಧಾರ್ ಎಲ್ಲ ಒಟ್ಟಿಗೆ ಕಟ್ಟಿ ತಂದಿದ್ದಳು. ಮುಖದಲ್ಲಿ ಹೆದರಿಕೆ. ಕಳ್ಳತನದ ಮಾತು ಬರುತ್ತದೆಂದು ಅಂದುಕೊಂಡಿದ್ದಳೇನೋ.

"ಯಕ್ಕಾ, ನಂಗೂ ಗೃಹಲಕ್ಷ್ಮಿ ಬರೂದೈತಿ. ಎರಡ ಸಾವಿರ ಬಂತು, ನನ್ನದ ಅನಕಂಡೆ" ಎಂದಳು.

"ನಿನ್ನ ತಪ್ಪೇನೈತವ್ವಾ ತಂಗೀ, ಕುಂದ್ರು" ಎಂದಳು ಅವ್ವ.

ಆಕೆ ಹೇಳಿದ್ದು ಸತ್ಯವೇ ಆಗಿತ್ತು. ಆಕೆಯ ಗ್ರಾಹಕ ಸಂಖ್ಯೆಯ ಮೇಲೆ ಅವ್ವನ ಆಧಾರ್ ಕೂತಾಗ ಆಕೆಯದೇ ಆಧಾರ್ ಅಲ್ಲಿಂದ ಅಳಿದುಹೋಗಿತ್ತು. ಅವ್ವನ ಹಣ ಆಕೆಗೆ ಬರುತ್ತಿತ್ತು. ಆಕೆಯ ಹಣ ಯಾವ ಖಾತೆಯೂ ಸಿಗದೆ ಸರ್ಕಾರಕ್ಕೆ ಹಿಂತಿರುಗುತ್ತಿತ್ತು. ಇಬ್ಬರೂ ನಷ್ಟಕ್ಕೆ ಸಿಕ್ಕಿದ್ದರು, ಒಬ್ಬಳಿಗೆ ಮಾತ್ರ ಅದು ಗೊತ್ತೇ ಇರಲಿಲ್ಲ. ನಾವು ಶಾಖೆಯ ಸಲಹೆಯಂತೆ ಕೈಯಿಂದ ಕೈಗೆ ಲೆಕ್ಕ ಮುಗಿಸಿದ್ದರೆ ಏನಾಗುತ್ತಿತ್ತು? ಆಕೆ ಸಾಲ ಮಾಡಿಯಾದರೂ ಅವ್ವನಿಗೆ ಕೊಡುತ್ತಿದ್ದಳು. ತನ್ನ ಪಾಲು ಹಿಂತಿರುಗಿ ಹೋಗಿದೆ ಎಂದು ಇಲಾಖೆಯ ಮುಂದೆ ತೋರಿಸಲು ಆಕೆಯ ಹತ್ತಿರ ಒಂದು ಚೂರು ಕಾಗದವೂ ಇರುತ್ತಿರಲಿಲ್ಲ. ಬ್ಯಾಂಕಿನ ತಪ್ಪಿನ ದಂಡವನ್ನು ಇಬ್ಬರಲ್ಲಿ ಬಡವಳಾದವಳು ತೆರುತ್ತಿದ್ದಳು.

ಈ ಅಂಕಣದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ಬ್ಯಾಂಕು ನಿಮ್ಮನ್ನು ಇನ್ನೊಬ್ಬರ ಜೊತೆ ಬೆರೆಸಿದಾಗ ಹಣ ವಾಪಸು ಬಂದರೆ ಸಾಕೆಂದು ಎದ್ದು ಬರಬೇಡಿ. ದಾಖಲೆ ಬೇರೆ ಬೇರೆಯಾಗುವವರೆಗೆ ಬಿಡಬೇಡಿ. ಆ ಇನ್ನೊಬ್ಬರನ್ನು ಎದುರಾಳಿ ಎಂದು ನೋಡಬೇಡಿ, ಜೊತೆಗೆ ಕರೆದುಕೊಳ್ಳಿ.

ಹಾಗೆ ಮಾಡದಿದ್ದರೆ ಆಗುವುದೇನೆಂಬುದಕ್ಕೆ 2019ರಲ್ಲಿ ಸುದ್ದಿಯಾದ ಮಧ್ಯಪ್ರದೇಶದ ಭಿಂಡ್ ಜಿಲ್ಲೆಯ ಆಲಂಪುರದ ಪ್ರಸಂಗ ಸಾಕ್ಷಿ. ಒಂದೇ ಹೆಸರಿನ ಇಬ್ಬರಿಗೆ ಒಂದೇ ಖಾತೆ ಸಂಖ್ಯೆ ಕೊಟ್ಟಿದ್ದರು. ಒಬ್ಬ ಕಷ್ಟಪಟ್ಟು ಜಮೆ ಮಾಡುತ್ತ ಹೋದ, ಇನ್ನೊಬ್ಬ ಸರ್ಕಾರ ಹಾಕುತ್ತಿದೆ ಎಂದು ತೆಗೆಯುತ್ತ ಹೋದ. ಬೆಳಕಿಗೆ ಬರುವ ಹೊತ್ತಿಗೆ 89,000 ರೂಪಾಯಿ ಖರ್ಚಾಗಿತ್ತು. ಇದು ಹಳ್ಳಿಯ ಶಾಖೆಗಳಿಗೆ ಮಾತ್ರ ಅಂಟಿದ ರೋಗವೂ ಅಲ್ಲ. 2024ರ ಏಪ್ರಿಲ್‌ನಲ್ಲಿ ಐಸಿಐಸಿಐ ಬ್ಯಾಂಕಿನ ಸುಮಾರು 17,000 ಹೊಸ ಕ್ರೆಡಿಟ್ ಕಾರ್ಡುಗಳು ಆ್ಯಪ್‌ನಲ್ಲಿ ಬೇರೆ ಗ್ರಾಹಕರಿಗೆ ಜೋಡಣೆಯಾಗಿದ್ದವು. ಬ್ಯಾಂಕು ಅವನ್ನು ತಡೆಹಿಡಿದು ಹೊಸ ಕಾರ್ಡು ಕೊಡಬೇಕಾಯಿತು. 2017ರಲ್ಲಿ ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕಿನ ವಿಷಯದಲ್ಲಿ ದೇಶವೇ ನೋಡಿದ್ದು ಇನ್ನೊಂದು ಬಗೆ. ಸಿಮ್ ಪರಿಶೀಲನೆಗೆ ಆಧಾರ್ ಕೊಟ್ಟ ಲಕ್ಷಾಂತರ ಜನರಿಗೆ ಅರಿವಿಲ್ಲದೆ ಖಾತೆ ತೆರೆದಿತ್ತು. ಕೊನೆಗೆ ಜೋಡಣೆಯಾದ ಬ್ಯಾಂಕಿಗೇ ಆಧಾರ್ ಹಣ ಹೋಗುವುದರಿಂದ ಅವರ ಗ್ಯಾಸ್ ಸಬ್ಸಿಡಿ ಅಲ್ಲಿಗೆ ಹರಿದಿತ್ತು.

ಈಗ ಮಾಡಬೇಕಾದ ಕೆಲಸದ ಮಾತು.

ಮೊದಲನೆಯದು ಲಿಖಿತ ಅರ್ಜಿ. ನಾವು ಕೊಟ್ಟದ್ದರ ತಿರುಳು ಹೀಗಿತ್ತು: 'ನನ್ನ ಕೆವೈಸಿ ದಾಖಲೆಗಳು ಬೇರೆ ಗ್ರಾಹಕರ ಸಂಖ್ಯೆಗೆ ಸೇರಿವೆ. ಅವನ್ನು ಬೇರ್ಪಡಿಸಿ. ಯಾವ ದಿನ ಸೇರಿದವು, ಯಾವ ದಿನ ಬೇರ್ಪಟ್ಟವು, ನಡುವೆ ನನ್ನ ಆಧಾರ್‌ಗೆ ಬಂದ ಹಣ ಯಾವ ಯಾವ ದಿನ ತಪ್ಪಾಗಿ ಜಮೆಯಾಯಿತು ಎಂದು ಬರೆದುಕೊಡಿ.' ಪ್ರತಿಯ ಮೇಲೆ ಶಾಖೆಯ ಮೊಹರು, ತಾರೀಖು ಹಾಕಿಸಿಕೊಳ್ಳಿ. ಆಕೆಯಿಂದಲೂ ಇಂಥದ್ದೇ ಅರ್ಜಿ ಬರೆಸಿದೆವು. ಆಕೆ ಇಲಾಖೆಯಲ್ಲಿ ಬಾಕಿ ಕೇಳಲು ಆಧಾರವಾದದ್ದು ಬ್ಯಾಂಕು ಕೊಟ್ಟ ಆ ಉತ್ತರವೇ.

ಎರಡನೆಯದು, ಮೊಬೈಲ್ ಸಂಖ್ಯೆಯೊಂದನ್ನೇ ತಿದ್ದಿಸಿ ಸುಮ್ಮನಾಗಬೇಡಿ. ಬ್ಯಾಂಕುಗಳು ಪ್ರತಿ ಗ್ರಾಹಕನಿಗೆ ಒಂದೇ ಗುರುತು ಸಂಖ್ಯೆ ಕೊಡಬೇಕೆಂಬ ನಿಯಮವಿದೆ. ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಸಿಐಎಫ್ ಅಥವಾ ಕಸ್ಟಮರ್ ಐಡಿ ಎಂದು ಇರುವುದು ಅದೇ. ಉಳಿತಾಯ ಖಾತೆ, ಠೇವಣಿ, ಬೆಳೆಸಾಲ, ಚಿನ್ನದ ಸಾಲ ಎಲ್ಲವೂ ಆ ಒಂದು ಸಂಖ್ಯೆಗೆ ನೇತುಬಿದ್ದಿರುತ್ತವೆ. ಅಲ್ಲಿ ತಪ್ಪಾದರೆ ಎಲ್ಲ ಕಡೆಯೂ ತಪ್ಪು. ಆಧಾರ್, ಪ್ಯಾನ್, ವಿಳಾಸ, ಹುಟ್ಟಿದ ದಿನ, ಫೋಟೊ, ಸಹಿ, ನಾಮಿನಿ ಒಂದೊಂದನ್ನೂ ಓದಿಸಿ ನೋಡಿ. ನಾಮಿನಿಯನ್ನಂತೂ ಮರೆಯಬೇಡಿ. ಅಲ್ಲಿನ ತಪ್ಪು ಬೆಳಕಿಗೆ ಬರುವುದು ಖಾತೆದಾರರು ತೀರಿಹೋದ ಮೇಲೆ.

ಮೂರನೆಯದು ಸಾಲದ ಚರಿತ್ರೆ. ಅವ್ವನ ಕ್ರೆಡಿಟ್ ವರದಿ ತೆಗೆಸಿದಾಗ ಆ ಇನ್ನೊಬ್ಬ ಹೆಣ್ಣುಮಗಳ ಚಿನ್ನದ ಸಾಲ ಅದರಲ್ಲಿ ಸೇರಿಕೊಂಡಿತ್ತು. ನಮ್ಮ ದೇಶದಲ್ಲಿ ಈ ವರದಿ ಇಡುವ ಸಂಸ್ಥೆಗಳು ನಾಲ್ಕು: ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈಮಾರ್ಕ್. ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ತಪ್ಪಿದೆ ಎಂದು ದೂರು ಕೊಟ್ಟ 30 ದಿನಗಳಲ್ಲಿ ಪರಿಹಾರವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಶಾಖೆಯಲ್ಲಿ ತಿದ್ದಿದ್ದು ಅಲ್ಲಿಯೂ ತಿದ್ದಿದೆಯೇ ಎಂದು ನೀವೇ ನೋಡಬೇಕು.

ನಾಲ್ಕನೆಯದು, ಕೈಗೆ ಬಂದ ಪರರ ಹಣ, ಪರರ ಮಾಹಿತಿ. ತಪ್ಪಾಗಿ ಸಂದಾಯವಾದ ಹಣವನ್ನು ಹಿಂತಿರುಗಿಸಬೇಕೆಂದು 1872ರ ಕರಾರು ಕಾಯ್ದೆಯ 72ನೇ ಕಲಮೇ ಹೇಳುತ್ತದೆ. ಆದರೆ ಅದು ಬ್ಯಾಂಕಿನ ಮೂಲಕ, ಬರಹದಲ್ಲಿ ಆಗಲಿ. ಬೇರೆಯವರ ಖಾತೆಯ ಸಂದೇಶ ಬಂದರೆ ಯಾರಿಗೂ ಕಳಿಸಬೇಡಿ, ಅದರಲ್ಲಿನ ಲಿಂಕ್ ಒತ್ತಬೇಡಿ, ಒಟಿಪಿ ಬಂದರೆ ಯಾರು ಕೇಳಿದರೂ ಹೇಳಬೇಡಿ. ನಿಮಗೆ ಬಂದಿದೆ ಎಂಬುದನ್ನು ಬ್ಯಾಂಕಿಗೆ ತಿಳಿಸಿ.

ಶಾಖೆ ಕಿವಿಗೊಡದಿದ್ದರೆ ಬ್ಯಾಂಕಿನ ಮೇಲಿನ ಕಚೇರಿಗೆ ಬರೆಯಿರಿ. ದೂರು ಕೊಟ್ಟು 30 ದಿನವಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. 2021ರ ನವೆಂಬರ್ 12ರಿಂದ ಇಡೀ ದೇಶಕ್ಕೆ ಒಂದೇ ವ್ಯವಸ್ಥೆ. ಗ್ರಾಮೀಣ ಬ್ಯಾಂಕುಗಳೂ ಅದರ ವ್ಯಾಪ್ತಿಯಲ್ಲಿವೆ. ವಕೀಲರೂ ಬೇಡ, ಶುಲ್ಕವೂ ಇಲ್ಲ. 14448ಕ್ಕೆ ಕರೆ ಮಾಡಿದರೆ ದೂರು ಕೊಡುವ ಬಗೆ ತಿಳಿಸುತ್ತಾರೆ. ಮೊಹರು ಹಾಕಿಸಿದ ಆ ಪ್ರತಿ ಅಲ್ಲಿ ಕೆಲಸಕ್ಕೆ ಬರುತ್ತದೆ.

ಬ್ಯಾಂಕುಗಳಿಗೂ ಒಂದು ಮಾತು ಹೇಳಬೇಕು. ನಮ್ಮ ಶಾಖೆಗಳಲ್ಲಿ ಸಿಬ್ಬಂದಿ ಕಡಿಮೆ, ಸಂತೆಯ ದಿನ ಕೌಂಟರಿನ ಮುಂದೆ ಕಾಲಿಡಲು ಜಾಗವಿರುವುದಿಲ್ಲ. ಇದು ನನಗೆ ಗೊತ್ತು. ಆದರೂ ಮೊಬೈಲ್ ಸಂಖ್ಯೆ ಬದಲಿಸುವ ಮೊದಲು ಹಳೆಯ ಸಂಖ್ಯೆಗೆ ಕರೆ ಮಾಡುವುದು, ಒಂದು ಆಧಾರ್ ಅಳಿಸಿ ಇನ್ನೊಂದು ಬರೆಯುವ ಮೊದಲು ಫೋಟೊ ಹೋಲಿಸಿ ನೋಡುವುದು ಹೆಚ್ಚಿನ ಹೊತ್ತು ಬೇಡುವ ಕೆಲಸಗಳಲ್ಲ. ಹಣ ಕಳಿಸುವವರಿಗಾಗಿ ಎನ್‌ಇಎಫ್‌ಟಿ, ಆರ್‌ಟಿಜಿಎಸ್‌ನಲ್ಲಿ ಪಡೆಯುವವರ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತು. ಒಂದೇ ಹೆಸರಿನವರು ತುಂಬಿರುವ ನಮ್ಮಂಥ ಸೀಮೆಗೆ ಹೆಸರಿನ ಜೊತೆ ಇನ್ನೊಂದು ಗುರುತನ್ನೂ ನೋಡುವ ಕಾಳಜಿ ಬೇಕು. ಎರಡು ಸಾವಿರ ರೂಪಾಯಿ ನಂಬಿ ತಿಂಗಳು ಕಳೆಯುವವರ ದಾಖಲೆಗೂ ಅಷ್ಟೇ ಬೆಲೆ ಇರಬೇಕು.

ಮುಂದಿನ ಸಲ ಬ್ಯಾಂಕಿಗೆ ಹೋದಾಗ ಪಾಸ್‌ಬುಕ್ ಎಂಟ್ರಿ ಹಾಕಿಸಿ, ನಿಮ್ಮ ಗ್ರಾಹಕ ಸಂಖ್ಯೆಯಲ್ಲಿರುವ ಮೊಬೈಲ್, ಆಧಾರ್, ನಾಮಿನಿ ಏನೇನೆಂದು ಕೇಳಿ ಬರೆದುಕೊಳ್ಳಿ. ಮನೆಯ ಹಿರಿಯರ ಖಾತೆಗೂ ಇದನ್ನೇ ಮಾಡಿ. ತಪ್ಪು ಕಂಡರೆ 'ಸರಿ ಮಾಡಿದ್ದೇವೆ' ಎಂಬ ಬಾಯಿಮಾತಿಗೆ ಎದ್ದು ಬರಬೇಡಿ, ಸಹಿ ಮೊಹರು ಇರುವ ಕಾಗದ ಕೇಳಿ. ಆ ತಪ್ಪಿನ ಇನ್ನೊಂದು ತುದಿಯಲ್ಲಿರುವವರಿಗೂ ಅಂಥದ್ದೇ ಕಾಗದ ಸಿಗುವಂತೆ ನೋಡಿಕೊಳ್ಳಿ. ಅವರ ಲೆಕ್ಕ ಸರಿಹೋಗದೆ ನಿಮ್ಮದು ಪೂರ್ತಿ ಸರಿಹೋಗುವುದಿಲ್ಲ.