ಆ ಕೊರಳಿಗೆ ಯಾವ ಪಟ್ಟಿ

ಮುಧೋಳದ ಮರಿ ತರುತ್ತಿದ್ದೀಯೆಂದು ಕೇಳಿ ಸಂತೋಷವಾಯಿತು. ಟ್ರೇನಿಂಗ್ ಕಾಲರ್ ಯಾವುದು ಕೊಳ್ಳಲಿ ಎಂದು ಕೇಳಿದ್ದೀಯ. ಅಂಗಡಿಗಳಲ್ಲಿ ಆ ಹೆಸರಿಟ್ಟು ಮಾರುವ ಎಷ್ಟೋ ವಸ್ತುಗಳು ನಾಯಿಯನ್ನು ನೋಯಿಸುತ್ತವೆಯೇ ಹೊರತು ಏನನ್ನೂ ಕಲಿಸುವುದಿಲ್ಲ. ಕೊರಳಪಟ್ಟಿ ಇರುವುದು ನಾಯಿ ಕೈತಪ್ಪದಿರಲಿ ಎಂದು, ತಪ್ಪಿಸಿಕೊಂಡರೂ ಯಾರ ಮನೆಯದೆಂದು ಗೊತ್ತಾಗಲಿ ಎಂದು. ಕಲಿಸುವ ಕೆಲಸ ನಿನ್ನದು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗು.

ಮೊದಲು ಮರಿಯ ಮೈಕಟ್ಟು ನೋಡು. ಮುಧೋಳದ್ದು ಕಣ್ಣಿನಿಂದ ಬೇಟೆ ಹಿಡಿಯುವ ತಳಿ. ಸಪೂರವಾದ ಉದ್ದ ತಲೆ, ಅದಕ್ಕಿಂತ ದಪ್ಪನೆಯ ಕೊರಳು, ತೆಳ್ಳನೆಯ ಚರ್ಮ, ಮೈಗಂಟಿದ ಗಿಡ್ಡ ಕೂದಲು. ಲ್ಯಾಬ್ರಡಾರ್‌ಗೆ ಕಟ್ಟುವ ಮಾಮೂಲಿ ಬೆಲ್ಟು ಇದಕ್ಕೆ ನಿಲ್ಲುವುದಿಲ್ಲ. ಪಟಾಕಿಗೋ ಲಾರಿಯ ಹಾರ್ನಿಗೋ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದು ತಲೆ ಬಗ್ಗಿಸಿತೆಂದರೆ ಬೆಲ್ಟು ನಿನ್ನ ಕೈಯಲ್ಲಿ, ನಾಯಿ ನಡುರಸ್ತೆಯಲ್ಲಿ. ಜಾರದಿರಲೆಂದು ಬಿಗಿದರೆ ಉಸಿರಾಟಕ್ಕೇ ತೊಂದರೆ. ಗ್ರೇಹೌಂಡ್ ಸಾಕುವವರಿಗೂ ಇದೇ ಕಷ್ಟವಿತ್ತು. ಅದಕ್ಕೆ ಅವರು ಕಂಡುಕೊಂಡ ದಾರಿ ಮಾರ್ಟಿಂಗೇಲ್ ಪಟ್ಟಿ.

ಅದರಲ್ಲಿ ಎರಡು ಕುಣಿಕೆ. ದೊಡ್ಡದು ಕೊರಳ ಸುತ್ತ ಸಡಿಲವಾಗಿ ಕೂರುತ್ತದೆ, ಹಗ್ಗ ಸಿಕ್ಕಿಸುವುದು ಚಿಕ್ಕದಕ್ಕೆ. ನಾಯಿ ಹಿಂದಕ್ಕೆ ಜಗ್ಗಿದಾಗ ಚಿಕ್ಕ ಕುಣಿಕೆ ದೊಡ್ಡದರ ತುದಿಗಳನ್ನು ಹತ್ತಿರಕ್ಕೆ ಎಳೆದು, ತಲೆ ನುಸುಳದಷ್ಟು ಬಿಗಿ ಮಾಡಿ ಅಲ್ಲಿಗೆ ನಿಂತುಬಿಡುತ್ತದೆ. ಅಳತೆ ಸರಿಯಾಗಿದ್ದರೆ ಪೂರ್ತಿ ಬಿಗಿದಾಗಲೂ ಪಟ್ಟಿ ಕೊರಳಿನ ಸುತ್ತಳತೆಗಿಂತ ಕಿರಿದಾಗುವುದಿಲ್ಲ. ಕೊಳ್ಳುವಾಗ ಒಂದೂವರೆ ಎರಡು ಇಂಚು ಅಗಲದ, ಒಳಗೆ ಮೆತ್ತನೆಯ ಬಟ್ಟೆ ಇರುವುದನ್ನೇ ಆರಿಸು. ಹೊರಗೆ ಹೋಗುವಾಗ ಹಾಕು, ಮನೆಗೆ ಬಂದೊಡನೆ ಬಿಚ್ಚು. ಕಿಟಕಿಯ ಕೊಂಡಿಗೋ ಇನ್ನೊಂದು ನಾಯಿಯ ಹಲ್ಲಿಗೋ ಸಿಕ್ಕಿಕೊಂಡರೆ ಅಪಾಯ.

ಅಂಗಡಿಯವನು ಇದರ ಪಕ್ಕದಲ್ಲೇ ತೂಗುಹಾಕಿದ ಚೋಕ್ ಚೈನ್ ತೋರಿಸುತ್ತಾನೆ. ಅದಕ್ಕೆ ಈ ಮಿತಿ ಇಲ್ಲ; ಎಳೆದಷ್ಟೂ ಬಿಗಿಯುತ್ತದೆ. ಎಳೆದು ಜಗ್ಗಿ ಕಲಿಸುವ ಪದ್ಧತಿ ಹಳೆಯದು. ಜರ್ಮನಿಯ ಕೊನ್ರಾಡ್ ಮೋಸ್ಟ್ 1910ರಲ್ಲಿ ಬರೆದ ತರಬೇತಿ ಪುಸ್ತಕದಿಂದ ಅಮೆರಿಕದ ವಿಲಿಯಂ ಕೋಹ್ಲರ್ 1962ರಲ್ಲಿ ಬರೆದ ಪುಸ್ತಕದವರೆಗೆ ಅದೇ ನಡೆಯಿತು. ನಮ್ಮಲ್ಲಿ ಇಂದಿಗೂ ಎಷ್ಟೋ ಟ್ರೇನರ್‌ಗಳು ಅದನ್ನೇ ಮಾಡುತ್ತಾರೆ. ನಾಯಿಯ ಕೊರಳಲ್ಲಿ ಶ್ವಾಸನಾಳ, ದೊಡ್ಡ ರಕ್ತನಾಳಗಳು, ಥೈರಾಯ್ಡ್ ಗ್ರಂಥಿ ಎಲ್ಲವೂ ಚರ್ಮದ ಕೆಳಗೇ ಇವೆ. ಪೊಮೆರೇನಿಯನ್‌ನಂಥ ಪುಟ್ಟ ನಾಯಿಗಳ ಶ್ವಾಸನಾಳ ಮೊದಲೇ ದುರ್ಬಲ, ಪಗ್‌ಗೆ ಉಸಿರಾಡುವುದೇ ಕಷ್ಟ. ಅವಕ್ಕೆ ಕೊರಳಿಗೆ ಹಗ್ಗ ಸಿಕ್ಕಿಸುವುದೇ ಬೇಡ.

ಮುಳ್ಳಿನ ಪಟ್ಟಿಯನ್ನೂ ತೋರಿಸಬಹುದು. ಹಿಮಾಲಯದ ಕುರಿಗಾಹಿಗಳೂ ತಮ್ಮ ನಾಯಿಗಳಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಹಾಕುತ್ತಾರೆ. ಅಲ್ಲಿ ಮುಳ್ಳು ಹೊರಗಡೆಗಿರುತ್ತದೆ, ಚಿರತೆ ಕೊರಳಿಗೆ ಬಾಯಿ ಹಾಕದಿರಲೆಂದು. ಅಂಗಡಿಯ ಪಟ್ಟಿಯಲ್ಲಿ ಮುಳ್ಳು ಒಳಗಡೆಗೆ, ನಾಯಿಯ ಚರ್ಮಕ್ಕೆ. ಜರ್ಮನಿ 2022ರಿಂದ ತರಬೇತಿಯಲ್ಲಿ ಇದರ ಬಳಕೆಯನ್ನು ನಿಷೇಧಿಸಿದೆ. ಮುಧೋಳದ ತೆಳು ಚರ್ಮಕ್ಕಂತೂ ಇದನ್ನು ಮುಟ್ಟಿಸಲೇಬೇಡ.

ಇನ್ನು ರಿಮೋಟ್ ಒತ್ತಿದರೆ ಶಾಕ್ ಹೊಡೆಯುವ ಪಟ್ಟಿ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ, ಬೇಗ ಫಲ ಕೊಡುತ್ತದೆ ಎಂಬ ಹೊಗಳಿಕೆಯೂ ಜತೆಗಿರುತ್ತದೆ. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಾಕ್ ಪಟ್ಟಿಯಿಂದ ಕಲಿತ ನಾಯಿಗಳು ತಿಂಡಿ, ಮೆಚ್ಚುಗೆಯಿಂದ ಕಲಿತವುಗಳಿಗಿಂತ ಯಾವ ರೀತಿಯಲ್ಲೂ ಮುಂದಿರಲಿಲ್ಲ. ವೇಲ್ಸ್ 2010ರಲ್ಲೇ ಅದನ್ನು ನಿಷೇಧಿಸಿತ್ತು. ಕಿವುಡು ನಾಯಿಗಳಿಗೆ ಸನ್ನೆಯಾಗಿ ಬಳಸುವ, ಬರೀ ಅದುರುವ ಪಟ್ಟಿಯ ಮಾತು ಬೇರೆ.

ನೋವು ತಪ್ಪಾದ ಪಾಠ ಕಲಿಸುತ್ತದೆ ಎಂಬುದು ನನಗೆ ಎಲ್ಲಕ್ಕಿಂತ ದೊಡ್ಡ ಚಿಂತೆ. ಗೇಟಿನ ಮುಂದೆ ಮಗುವೊಂದು ಸೈಕಲ್ ಮೇಲೆ ಹೋಗುತ್ತದೆ, ನಾಯಿ ಅತ್ತ ನುಗ್ಗುತ್ತದೆ, ನೀನು ಚೈನ್ ಜಗ್ಗುತ್ತೀಯ. ನುಗ್ಗಿದ್ದು ತಪ್ಪೆಂದು ತಿಳಿಸಿದೆನೆಂದು ನಿನ್ನ ಲೆಕ್ಕ. ನಾಯಿಯ ಕಣ್ಣಲ್ಲಿ ಇದ್ದದ್ದು ಮಗು, ಕೊರಳಲ್ಲಿ ಆದದ್ದು ನೋವು. ಹೀಗೆ ನಾಲ್ಕಾರು ಸಲ ನಡೆದರೆ, ಮಗು ಕಂಡಕೂಡಲೇ ಗುರ್ರೆನ್ನುವ ನಾಯಿ ತಯಾರಾಗುತ್ತದೆ. ಆಮೇಲೆ ಜನ ತಳಿಯನ್ನು ದೂರುತ್ತಾರೆ. ಮುಧೋಳ ಹಟಮಾರಿ, ಏಟಿಲ್ಲದೆ ಬಗ್ಗುವುದಿಲ್ಲ ಎನ್ನುವವರು ನಿನಗೂ ಸಿಗುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡ. ನಮ್ಮ ಸೇನೆ ಮೀರತ್‌ನ ತನ್ನ ಕೇಂದ್ರಕ್ಕೆ ತರಬೇತಿಗೆಂದು ಕರೆದೊಯ್ದ ತಳಿ ಇದು.

ಹಾಗಾದರೆ ಮಾರ್ಟಿಂಗೇಲ್ ಕಟ್ಟಿದರೆ ಸಾಕೇ? ಸಾಲದು. ಮುಧೋಳ ಓಡಲು ಶುರುಮಾಡಿದರೆ ಕ್ಷಣಾರ್ಧದಲ್ಲಿ ವೇಗ ಹಿಡಿಯುತ್ತದೆ, ಹಗ್ಗ ಮುಗಿದಲ್ಲಿ ಆ ವೇಗವೆಲ್ಲ ಕೊರಳಿಗೆ ಬಡಿಯುತ್ತದೆ. ಇಂಗ್ಲೆಂಡಿನಲ್ಲಿ ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾಲಯದವರು ಕೃತಕ ಕೊರಳಿನ ಮೇಲೆ ಬಗೆಬಗೆಯ ಪಟ್ಟಿಗಳನ್ನು ಪರೀಕ್ಷಿಸಿ 2020ರಲ್ಲಿ ವರದಿ ಮಾಡಿದರು. ಜಗ್ಗಿದಾಗ ಗಾಯದ ಅಪಾಯವಿಲ್ಲ ಎನ್ನಬಹುದಾದ ಪಟ್ಟಿ ಒಂದೂ ಅದರಲ್ಲಿರಲಿಲ್ಲ. ಕೊರಳಪಟ್ಟಿಯಿಂದ ಎಳೆದಾಗ ನಾಯಿಯ ಕಣ್ಣಿನೊಳಗಿನ ಒತ್ತಡ ಏರುತ್ತದೆ, ಎದೆಪಟ್ಟಿಯಿಂದ, ಅಂದರೆ ಹಾರ್ನೆಸ್‌ನಿಂದ, ಎಳೆದಾಗ ಏರುವುದಿಲ್ಲ ಎಂದು 2006ರಲ್ಲೇ ಇನ್ನೊಂದು ಅಧ್ಯಯನ ಹೇಳಿತ್ತು. ಆದ್ದರಿಂದ ಮೈದಾನದಲ್ಲಿ ಉದ್ದ ಹಗ್ಗ ಬಿಡುವಾಗ, ನಡಿಗೆ ಕಲಿಸುವಾಗ ಹಾರ್ನೆಸ್ ಹಾಕು. ಎದೆಯ ಮುಂದೆ ಕೊಂಡಿ ಇರುವುದು ಒಳ್ಳೆಯದು. ನಾಯಿ ಎಳೆದಾಗ ಮೈ ಪಕ್ಕಕ್ಕೆ ತಿರುಗುತ್ತದೆ, ಎಳೆತದ ಬಲ ತಗ್ಗುತ್ತದೆ. ಮುಧೋಳಕ್ಕೆ ಎದೆ ಆಳ, ಸೊಂಟ ಸಣ್ಣ, ಹಾಗಾಗಿ ಹೊಟ್ಟೆಯ ಕೆಳಗೆ ಇನ್ನೊಂದು ಪಟ್ಟಿ ಇರುವ ಹಾರ್ನೆಸ್ ಆದರೆ ಹಿಂದಕ್ಕೆ ನುಣುಚಿಕೊಳ್ಳಲಾರದು. ಮೂತಿಗೆ ತೊಡಿಸುವ ಹೆಡ್ ಹಾಲ್ಟರ್ ಈ ಓಟಗಾರನಿಗೆ ಬೇಡ, ಕತ್ತು ತಿರುಚೀತು.

ಕಲಿಸುವ ಕ್ರಮ ಸರಳ, ಆದರೆ ತಾಳ್ಮೆ ಕೇಳುತ್ತದೆ. ನಾಯಿ ಹಗ್ಗ ಎಳೆಯುವುದು ಎಳೆದರೆ ನಾವು ಹಿಂದೆ ಹೋಗುತ್ತೇವಲ್ಲ, ಅದಕ್ಕೆ. ಹಗ್ಗ ಬಿಗಿದ ಕೂಡಲೇ ಮರದಂತೆ ನಿಂತುಬಿಡು. ಬೈಯಬೇಡ, ಜಗ್ಗಬೇಡ. ಅದು ತಿರುಗಿ ನೋಡಿ ಹಗ್ಗ ಸಡಿಲವಾದ ಆ ಕ್ಷಣದಲ್ಲೇ ‘ಭೇಷ್’ ಎಂದು, ಬೇಯಿಸಿದ ಕೋಳಿಯ ಕಡಲೆಗಾತ್ರದ ಚೂರನ್ನು ನಿನ್ನ ಮಂಡಿಯ ಪಕ್ಕದಲ್ಲಿ ಕೊಡು. ತಿಂಡಿ ಎಲ್ಲಿ ಸಿಗುತ್ತದೋ ನಾಯಿ ಅಲ್ಲಿಗೇ ಬರುತ್ತದೆ. ತಡವಾಗಿ ಕೊಟ್ಟರೆ ಯಾವುದಕ್ಕೆ ಸಿಕ್ಕಿತೆಂದು ಅದಕ್ಕೆ ತಿಳಿಯುವುದಿಲ್ಲ. ಮೊದಮೊದಲು ಮನೆಯ ವರಾಂಡದಲ್ಲಿ, ಆಮೇಲೆ ಗೇಟಿನವರೆಗೆ, ಆಮೇಲೆ ಬೀದಿಗೆ. ಮನೆಯವರೆಲ್ಲ ಒಂದೇ ರೀತಿ ನಡೆದುಕೊಳ್ಳಬೇಕು. ನೀನು ನಿಂತು ಕಲಿಸಿದ್ದನ್ನು ನಿನ್ನ ತಮ್ಮ ಎಳೆಸಿಕೊಂಡು ಓಡಿ ಕೆಡಿಸಬಾರದು.

ಮರಿ ವಾರವಾರಕ್ಕೂ ಬೆಳೆಯುತ್ತದೆ, ಪಟ್ಟಿ ಬೆಳೆಯುವುದಿಲ್ಲ. ಮನೆಯಲ್ಲಿ ಹೆಸರು, ಫೋನ್ ನಂಬರಿನ ಬಿಲ್ಲೆಗೆಂದು ಹಗುರ ಬೆಲ್ಟು ಹಾಕಿದರೆ ವಾರಕ್ಕೊಮ್ಮೆ ಎರಡು ಬೆರಳು ತೂರಿಸಿ ನೋಡು. ಮರಿಯಲ್ಲಿ ಕಟ್ಟಿದ ಹಗ್ಗವನ್ನು ಯಾರೂ ಬದಲಿಸದೆ, ಅದು ಕೊರಳೊಳಗೇ ಇಳಿದು ಮೇಲೆ ಮಾಂಸ ಬೆಳೆದು, ಗಾಯದಲ್ಲಿ ಹುಳು ಓಡಾಡುವ ನಾಯಿಗಳನ್ನು ಕಂಡಿದ್ದೇನೆ. ದೂರದಿಂದ ಕೂದಲು ಉದುರಿದಂತೆ ಕಾಣುತ್ತದೆ, ಹತ್ತಿರ ಹೋದರೆ ವಾಸನೆಗೆ ಗೊತ್ತಾಗುತ್ತದೆ. ಬೆಲ್ಟಿನ ಕೆಳಗೆ ಉಣ್ಣಿಯೂ ಸೇರುತ್ತದೆ, ಮಳೆಗಾಲದಲ್ಲಿ ಒದ್ದೆ ಚರ್ಮದ ಬೆಲ್ಟು ಹುಣ್ಣು ಮಾಡುತ್ತದೆ. ಹಗಲಿಡೀ ಗಿಡ್ಡ ಸರಪಳಿಯಲ್ಲಿ ಕಟ್ಟಿಹಾಕುವ ಯೋಚನೆಯೇ ಬೇಡ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮು ಅದನ್ನು ಕ್ರೌರ್ಯವೆಂದೇ ಎಣಿಸುತ್ತದೆ.

ಟ್ರೇನರ್ ಬೇಕೆನಿಸಿದರೆ ಗೊತ್ತುಮಾಡುವ ಮೊದಲೇ ಕೇಳು: ನಾಯಿ ಸರಿಯಾಗಿ ಮಾಡಿದಾಗ ಏನು ಕೊಡುತ್ತೀರಿ, ತಪ್ಪು ಮಾಡಿದಾಗ ಏನು ಮಾಡುತ್ತೀರಿ? ಪಾಠ ನಡೆಯುವಾಗ ನೀನು ಪಕ್ಕದಲ್ಲೇ ಇರಬೇಕು. ‘ನೀವಿದ್ದರೆ ನಾಯಿ ಕೇಳುವುದಿಲ್ಲ, ಒಳಗೆ ಹೋಗಿ’ ಎನ್ನುವವನು ಬೇಡ. ಆತ ಚೀಲದಿಂದ ಚೋಕ್ ಚೈನ್ ತೆಗೆದರೆ, ಮುಂಗಡ ಕೊಟ್ಟಿದ್ದರೂ ಚಿಂತೆಯಿಲ್ಲ, ಅಲ್ಲಿಗೇ ನಿಲ್ಲಿಸಿ ಕಳಿಸಿಬಿಡು.