ತೆಗೆದುಹಾಕುವ ಮುನ್ನ ಕೇಳಿ

ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಕನ್ನಡಿಗರ ವಾಟ್ಸಾಪ್, ಟೆಲಿಗ್ರಾಂ ಗುಂಪು ನಡೆಸುವ ಗೆಳೆಯರೇ, ಒಂದು ಮಾತು. ನಿಯಮ ಮುರಿದವರನ್ನು ತಾನಾಗಿಯೇ ಹೊರಹಾಕುವ ಬಾಟ್ ಇಟ್ಟುಕೊಂಡರೆ ಜಗಳ ತಪ್ಪುತ್ತದೆ ಎನ್ನಿಸುವುದು ಸಹಜ. ಮೋಸದ ಲಿಂಕು, ಜಾಹೀರಾತಿನ ಸುರಿಮಳೆ ತಡೆಯಲು ಅದು ಬೇಕು ಕೂಡ. ಆದರೆ ಮನುಷ್ಯರ ಮಾತನ್ನು ಅದರ ಕೈಗೆ ಕೊಡಬೇಡಿ. ಧಾರವಾಡದವರ ಸಲುಗೆಯ ಬೈಗುಳ ಯಾವುದು, ನಿಜವಾದ ನಿಂದನೆ ಯಾವುದು ಎಂದು ಬಾಟ್‌ನ ಪದಪಟ್ಟಿಗೆ ತಿಳಿಯುವುದಿಲ್ಲ.

ನೀವಿರುವ ಗುಜರಾತಿನ ಇತಿಹಾಸವೇ ಬೇರೆ ದಾರಿ ತೋರಿಸುತ್ತದೆ. 1918ರಲ್ಲಿ ಅಹಮದಾಬಾದಿನ ಗಿರಣಿ ಕಾರ್ಮಿಕರು ಶೇ. 35 ಕೂಲಿ ಹೆಚ್ಚಳ ಕೇಳಿದರು, ಮಾಲೀಕರು 20ಕ್ಕೆ ನಿಂತರು. ಗಿರಣಿ ಮಾಲೀಕ ಅಂಬಾಲಾಲ್ ಸಾರಾಭಾಯಿ ಮಾಲೀಕರ ಕಡೆ, ಅವರ ಅಕ್ಕ ಅನಸೂಯಾ ಕಾರ್ಮಿಕರ ಕಡೆ. ಬೀಗಮುದ್ರೆ, ಮುಷ್ಕರ, ಗಾಂಧೀಜಿಯ ಉಪವಾಸ ಎಲ್ಲ ಆದಮೇಲೆ ವಿವಾದ ಹೋದದ್ದು ವಿದ್ವಾಂಸ ಆನಂದಶಂಕರ ಧ್ರುವ ಅವರ ಪಂಚಾಯ್ತಿಗೆ. 1920ರಲ್ಲಿ ಹುಟ್ಟಿದ, ಗಿರಣಿ ಕಾರ್ಮಿಕರ ಮಜೂರ್ ಮಹಾಜನ ಸಂಘವೂ ಎರಡೂ ಕಡೆ ಕೇಳಿ ತೀರ್ಮಾನಿಸುವ ಈ ಪದ್ಧತಿಯನ್ನೇ ನೆಚ್ಚಿಕೊಂಡಿತು.

2021ರ ಐಟಿ ನಿಯಮಗಳು ಕೂಡ ದೊಡ್ಡ ಸಾಮಾಜಿಕ ಜಾಲತಾಣಗಳ ಸ್ವಯಂಚಾಲಿತ ಸಾಧನಗಳ ಮೇಲೆ ಮನುಷ್ಯರ ನಿಗಾ ಇರಬೇಕೆನ್ನುತ್ತವೆ. ತಾವಾಗಿ ಬರಹ ತೆಗೆದರೆ ಕಾರಣ ತಿಳಿಸಬೇಕು, ಪ್ರಶ್ನಿಸಲು ಅವಕಾಶ ಕೊಡಬೇಕು. ನಿಮ್ಮ ಚಿಕ್ಕ ಗುಂಪಿಗೆ ಈ ಕಾನೂನು ಅನ್ವಯಿಸದಿರಬಹುದು, ಆದರೂ ಪಾಲಿಸಿ. ಬಾಟ್ ಸಂದೇಶವನ್ನು ತಡೆಹಿಡಿಯಲಿ, ಅಷ್ಟೇ. ಸದಸ್ಯರಿಗೆ ಖಾಸಗಿಯಾಗಿ ಫೋನ್ ಮಾಡಿ. ಗುಂಪಿನಿಂದ ಅವರನ್ನು ತೆಗೆಯಲೇಬೇಕಾದರೆ ಇಬ್ಬರು ಅಡ್ಮಿನ್‌ಗಳು ಒಪ್ಪಿರಲಿ, ಮರಳುವ ದಿನಾಂಕವನ್ನೂ ಅವತ್ತೇ ಹೇಳಿ. ಬೆದರಿಕೆ, ಹೆಣ್ಣುಮಕ್ಕಳಿಗೆ ಕಿರುಕುಳ ಮಾತ್ರ ಇದಕ್ಕೆ ಹೊರತು: ಅಲ್ಲಿ ಮೊದಲು ತೆಗೆಯಿರಿ, ವಿಚಾರಣೆ ಆಮೇಲೆ.